ಹಡಗಿನ ತುಕ್ಕು, ನಮ್ಮ ರಜೆ

ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರ್ತಿದ್ದೆ. ವೀಕ್ಷಕರೊಬ್ಬರ ಫೋನ್ ಬಂತು. ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು ಅಂತ ಗಂಡ ಹೆಂಡತಿ ದುಡ್ಡು ಕೂಡಿಟ್ಟು ಕ್ರೂಸ್ ಪ್ರವಾಸಕ್ಕೆ ಹೋಗಿದ್ದಾರೆ. ಹಡಗು ಹತ್ತಿದ ಮಾರನೇ ದಿನವೇ ಈಜುಕೊಳದ ಸುತ್ತ ಹಗ್ಗ ಕಟ್ಟಿ ಟೈಲ್ಸ್ ಒಡೆಯೋಕೆ ಶುರು ಮಾಡಿದ್ದಾರೆ. ಮೂರು ದಿನ ಅದೇ ಸದ್ದು. "ಯಾರನ್ನ ಕೇಳ್ಬೇಕು ಸಾರ್? ಹಡಗಿನವರು ಏಜೆಂಟನ್ನ ಕೇಳಿ ಅಂತಾರೆ. ಏಜೆಂಟು ಹಡಗಿನವರನ್ನ ಕೇಳಿ ಅಂತಾನೆ. ನಾವು ಮಧ್ಯದಲ್ಲಿ ಚೆಂಡಾಗಿದೀವಿ" ಅಂದರು.

ನಾನು ಸುಮ್ಮನೆ ಕೇಳಿಸಿಕೊಂಡೆ. ಯಾಕಂದ್ರೆ ಈ ಚೆಂಡಾಟದಲ್ಲಿ ನಾನೂ ಒಂದು ಸಲ ಚೆಂಡಾಗಿದ್ದವನು.

ಅಪ್ಪ ಹೈಸ್ಕೂಲ್ ಮೇಷ್ಟ್ರು. ಚಿತ್ರದುರ್ಗ ಜಿಲ್ಲೆಯಲ್ಲೇ ಹುಟ್ಟಿ, ಅಲ್ಲೇ ಪಾಠ ಮಾಡಿ, ಅಲ್ಲೇ ನಿವೃತ್ತರಾದವರು. ಮಕ್ಕಳಿಗೆ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟರೂ ಹಡಗು ಹತ್ತಿರಲಿಲ್ಲ. ನನ್ನ ಕೈಲಿ ನಾಲ್ಕು ಕಾಸು ಆದಾಗ ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್ ಬರುವ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದೆ. ಬಾಲ್ಕನಿ ಇರೋ ಕ್ಯಾಬಿನ್, ಸ್ವಲ್ಪ ದುಬಾರಿ. ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾ ಅಪ್ಪ ಸಮುದ್ರ ನೋಡಬೇಕು ಅನ್ನೋದು ನನ್ನ ಆಸೆ.

ಮೊದಲ ಬೆಳಿಗ್ಗೆ ಏಳು ಗಂಟೆಗೆ ನಮ್ಮ ತಲೆ ಮೇಲೆ ಕಟಕಟಕಟ ಅಂತ ಶುರುವಾಯ್ತು. ದಂತವೈದ್ಯರ ಯಂತ್ರ ಇರುತ್ತಲ್ಲ, ಅದನ್ನ ಮನೆಯಷ್ಟು ದೊಡ್ಡದು ಮಾಡಿ ಊಹಿಸಿಕೊಳ್ಳಿ. ಅಪ್ಪ ಬಾಲ್ಕನಿ ಬಾಗಿಲು ತೆಗೆದು, "ಏನೋ ಇದು, ಹಡಗಿಗೆ ಬಂದಿದೀವೋ, ವರ್ಕ್‌ಶಾಪಿಗೆ ಬಂದಿದೀವೋ?" ಅಂದರು. ಹತ್ತು ಗಂಟೆ ಹೊತ್ತಿಗೆ ಥಿನ್ನರ್ ವಾಸನೆ ಒಳಗೆ ಬಂತು. ಅಮ್ಮನಿಗೆ ಆಸ್ತಮಾ. ಇನ್‌ಹೇಲರ್ ಕೈಯಲ್ಲಿ ಹಿಡಿದುಕೊಂಡೇ ಕೂತರು. ನನಗೆ ಸಿಟ್ಟು ಬಂದದ್ದು ಸದ್ದಿಗಲ್ಲ, ಆ ಇನ್‌ಹೇಲರ್ ನೋಡಿ.

ಸಿಟ್ಟು ಆಮೇಲೆ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಆ ಡಿಗ್ರಿ ಟೀವಿಯಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಂದಿಲ್ಲ, ಹಡಗಿನಲ್ಲಿ ಬಂತು. ಪ್ರಯಾಣಿಕರನ್ನ ಇಟ್ಟುಕೊಂಡೇ ಯಾಕೆ ರಿಪೇರಿ ಮಾಡ್ತಾರೆ ಅನ್ನೋದು ಗೊತ್ತಿದ್ದರೆ ದೂರು ಕೊಡೋದು ಸುಲಭ.

ಹಡಗು ಅಂದ್ರೆ ಉಕ್ಕು. ಅದರ ಸುತ್ತ ಉಪ್ಪುನೀರು, ಉಪ್ಪುಗಾಳಿ. ಎಲ್ಲೋ ಒಂದು ಕಡೆ ಬಣ್ಣ ಬಿರುಕು ಬಿಟ್ಟರೆ ಸಾಕು, ಒಳಗೆ ತುಕ್ಕು ಹಿಡಿಯುತ್ತೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತೆ. ಹಾಗಾಗಿ ಅದು ಉಬ್ಬಿ ಸುತ್ತಲಿನ ಬಣ್ಣವನ್ನೂ ಎಬ್ಬಿಸುತ್ತೆ. ಅಲ್ಲಿಂದ ಇನ್ನಷ್ಟು ನೀರು, ಇನ್ನಷ್ಟು ತುಕ್ಕು. ಅದನ್ನ ಕೆರೆದು, ಪ್ರೈಮರ್ ಹೊಡೆದು, ಬಣ್ಣ ಬಳಿಯಲೇಬೇಕು. ಹಡಗಿನ ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಮುಟ್ಟುವಷ್ಟರಲ್ಲಿ ಮೊದಲ ತುದಿ ಮತ್ತೆ ಕೆಲಸ ಕೇಳುತ್ತೆ. ಕೆರೆಯುವ ಉಪಕರಣಗಳಲ್ಲಿ ಒಂದಕ್ಕೆ ನೀಡಲ್ ಗನ್ ಅಂತಾರೆ. ಗಾಳಿಯ ಒತ್ತಡದಲ್ಲಿ ಉಕ್ಕಿನ ಸೂಜಿಗಳ ಕಟ್ಟೊಂದು ಲೋಹವನ್ನ ಕುಟ್ಟುತ್ತೆ. ನಮ್ಮ ತಲೆ ಮೇಲಿದ್ದದ್ದು ಅದೇ.

ಆ ಸದ್ದು ಯಾಕೆ ಅಷ್ಟು ದೂರ ಕೇಳುತ್ತೆ? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಹೋಗುತ್ತೆ. ವೇಗ ಬಿಡಿ, ಮುಖ್ಯ ವಿಷಯ ಅಂದ್ರೆ ಉಕ್ಕು ಶಬ್ದವನ್ನ ನುಂಗೋದಿಲ್ಲ. ಡೆಕ್ಕು, ಗೋಡೆ, ತೊಲೆ ಎಲ್ಲ ಒಂದಕ್ಕೊಂದು ವೆಲ್ಡ್ ಆಗಿರೋದರಿಂದ ಒಂದು ಕಡೆ ಕುಟ್ಟಿದರೆ ಹತ್ತು ಕ್ಯಾಬಿನ್ ಆಚೆಗೂ ಕೇಳುತ್ತೆ. ಇದರಿಂದ ಒಂದು ಉಪಯೋಗದ ಪಾಠ ಇದೆ. "ಪಕ್ಕದ ಕ್ಯಾಬಿನ್ ಕೊಡ್ತೀವಿ" ಅಂದರೆ ಒಪ್ಪಬೇಡಿ. ಎರಡು ಮೂರು ಡೆಕ್ ಕೆಳಗೆ, ಇಲ್ಲವೇ ಹಡಗಿನ ಇನ್ನೊಂದು ತುದಿಯಲ್ಲಿ ಕೇಳಿ. ವಾಸನೆಯದೂ ಇದೇ ಕತೆ. ಏಸಿ ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಬಣ್ಣ ಹೊಡೆದರೆ ಕಿಟಕಿ ಮುಚ್ಚಿ ಏನೂ ಪ್ರಯೋಜನ ಇಲ್ಲ.

ಹಾಗಾದ್ರೆ ಬಂದರಿನಲ್ಲಿ ನಿಲ್ಲಿಸಿಕೊಂಡು ಮಾಡಬಾರದಾ? ಲೆಕ್ಕ ನೋಡಿ. ಕ್ರೂಸ್ ಹಡಗು ಬೆಳಿಗ್ಗೆ ಒಂದು ತಂಡವನ್ನ ಇಳಿಸಿ ಸಂಜೆಗೆ ಇನ್ನೊಂದು ತಂಡವನ್ನ ಹತ್ತಿಸಿಕೊಂಡು ಹೊರಡುತ್ತೆ. ಖಾಲಿ ನಿಂತ ಹಡಗು ದುಡಿಯೋದಿಲ್ಲ. ನೀರಿನಿಂದ ಪೂರ್ತಿ ಮೇಲೆತ್ತಿ ಡ್ರೈ ಡಾಕ್‌ಗೆ ಹಾಕೋದು ಸಾಮಾನ್ಯವಾಗಿ ಐದು ವರ್ಷದಲ್ಲಿ ಎರಡು ಸಲ. ಅಲ್ಲಿ ಒಂದೊಂದು ದಿನಕ್ಕೂ ನೀರಿನಂತೆ ಹಣ ಖರ್ಚು. ಅದಕ್ಕೆ ಡ್ರೈ ಡಾಕ್‌ನಲ್ಲಿ ಆಗಬೇಕಾದ ಕೆಲಸದಲ್ಲಿ ಒಂದಿಷ್ಟನ್ನ ಮೊದಲೇ, ಜನ ಇರುವಾಗಲೇ ಮುಗಿಸಿಬಿಡೋಣ ಅನ್ನೋ ಆಸೆ ಮ್ಯಾನೇಜರುಗಳಿಗೆ ಬರುತ್ತೆ.

ನಮ್ಮ ತಕರಾರು ಇರಬೇಕಾದ್ದು ಇಲ್ಲಿ. ಲೈಫ್‌ಬೋಟ್ ಇಳಿಸಿ ನೋಡೋದು, ಕೆಟ್ಟ ಪೈಪ್ ಸರಿ ಮಾಡೋದು, ಫೈರ್ ಅಲಾರಂ ಪರೀಕ್ಷೆ, ಇವುಗಳಿಗೆ ಯಾರೂ ಬೇಡ ಅನ್ನಬಾರದು, ಅನ್ನೋಕೂ ಆಗಲ್ಲ. ಆದ್ರೆ ಕಾರ್ಪೆಟ್ ಬದಲಿಸೋದು, ಟೈಲ್ಸ್ ಹಾಕೋದು, ಬಾರ್ ಕೌಂಟರ್ ಹೊಸದು ಮಾಡೋದು ಒಂದೇ ರಾತ್ರಿಯಲ್ಲಿ ಹುಟ್ಟಿದ ಕೆಲಸ ಅಲ್ಲ. ಸಾಮಾನು ತಿಂಗಳುಗಟ್ಟಲೆ ಮೊದಲೇ ಆರ್ಡರ್ ಆಗಿರುತ್ತೆ. ಕೆಲಸದವರಿಗೆ ಕ್ಯಾಬಿನ್ ಕಾದಿರಿಸಿರುತ್ತಾರೆ. ಅಂದ್ರೆ ನಿಮಗೆ ಟಿಕೆಟ್ ಮಾರಿದ ದಿನ ಕಂಪನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.

2018ರ ಮಾರ್ಚ್‌ನಲ್ಲಿ ನಾರ್ವೇಜಿಯನ್ ಸನ್ ಅನ್ನೋ ಹಡಗಿನಲ್ಲಿ ಆದದ್ದು ಇದೇ. ಮಯಾಮಿಯಿಂದ ಪನಾಮಾ ಕಾಲುವೆ ದಾಟಿ ಲಾಸ್ ಏಂಜಲಿಸ್‌ಗೆ ಹೋಗುವ 16 ದಿನದ ಪ್ರಯಾಣ. ದಾರಿಯುದ್ದಕ್ಕೂ ನವೀಕರಣ. ಧೂಳು, ಸದ್ದು, ರಾಸಾಯನಿಕ ವಾಸನೆ, ಮುಚ್ಚಿದ ಜಾಗಗಳು ಅಂತ ಪ್ರಯಾಣಿಕರು ಫೋಟೋ, ವಿಡಿಯೋ ಸಮೇತ ದೂರಿದರು. ಕಂಪನಿ ಮೊದಲು ಕೊಡ್ತೀನಿ ಅಂದದ್ದು ಮುಂದಿನ ಪ್ರಯಾಣದ ಮೇಲೆ ಶೇಕಡ 25ರಷ್ಟು ರಿಯಾಯಿತಿ. ಜನ ಒಟ್ಟಾಗಿ ಗಲಾಟೆ ಮಾಡಿ, ಸುದ್ದಿ ಪತ್ರಿಕೆ, ಟೀವಿಗೆ ಬಂದ ಮೇಲೆ ಅದು ಕಟ್ಟಿದ ದರದಷ್ಟೂ ಕ್ರೆಡಿಟ್ ಆಯ್ತು. ಗಮನಿಸಿ, ಕ್ರೆಡಿಟ್, ನಗದಲ್ಲ. ಊಟ ಹಳಸಿದೆ ಅಂದ್ರೆ ನಾಳೆ ಬಾ, ಇದೇ ಹೋಟೆಲಲ್ಲಿ ಫ್ರೀ ಊಟ ಅಂದಹಾಗೆ!

ಇನ್ನು ನನ್ನ ಕತೆ. ನಾನು ಮಾಡಿದ ಮೊದಲ ತಪ್ಪು, ರಿಸೆಪ್ಷನ್ ಕೌಂಟರಿಗೆ ಹೋಗಿ ಜೋರು ಮಾಡಿದ್ದು. ಟೀವಿಯವನು ಅನ್ನೋ ಧಿಮಾಕೂ ಇತ್ತು, ಒಪ್ಪಿಕೊಳ್ತೀನಿ. ಆ ಹುಡುಗಿ ನಗುತ್ತಲೇ ಎರಡು ಕೂಪನ್ ಕೊಟ್ಟಳು, ಬಾರ್‌ನಲ್ಲಿ ಡ್ರಿಂಕ್ಸ್‌ಗೆ. ಅಪ್ಪ ಜೀವಮಾನದಲ್ಲಿ ಮುಟ್ಟಿದವರಲ್ಲ. ಕೂಪನ್ ತಿರುಗಿಸಿ ನೋಡಿ, "ಇದನ್ನ ಎಲ್ಲಿ ಪಾಸ್‌ಬುಕ್ಕಿಗೆ ಹಾಕೋದು?" ಅಂತ ಕೇಳಿದರು.

ದಾರಿ ತೋರಿಸಿದವನು ನೀಡಲ್ ಗನ್ ಹಿಡಿದಿದ್ದವನೇ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಲೆ ಹೋದೆ. ನಾನು ಅಪ್ಪನ ಜೊತೆ ಕನ್ನಡ ಮಾತಾಡೋದು ಕೇಳಿ ಅವನೇ ಮಾತಾಡಿಸಿದ. ಕುಮಟಾ ಕಡೆಯವನು. ಕರಾವಳಿಯ ಹುಡುಗರು ಹಡಗಿನ ಕೆಲಸದಲ್ಲಿ ಇರೋದು ಹೊಸದೇನಲ್ಲ, ಆದ್ರೂ ಮಲಕ್ಕಾ ಜಲಸಂಧಿಯಲ್ಲಿ ಕನ್ನಡ ಕೇಳಿದರೆ ಯಾರಿಗಾದರೂ ಖುಷಿಯಾಗುತ್ತೆ. ಕಿವಿಗೆ ಹಾಕಿದ್ದ ಮಫ್ ತೆಗೆದು ಹೇಳಿದ: "ಬಾಯಲ್ಲಿ ಹೇಳಿದ್ದು ನಮ್ಮವರೆಗೆ ಬರೂದಿಲ್ಲ ಸರ್. ಬರ್ದು ಕೊಟ್ರೆ ಬರ್ತದೆ. ಬರ್ದದ್ದಕ್ಕೆ ಅವರು ಉತ್ತರ ಕೊಡ್ಲೇಬೇಕು."

ಅವತ್ತು ಮಧ್ಯಾಹ್ನವೇ ಬರೆದೆ. ಹೋಟೆಲ್ ಮ್ಯಾನೇಜರ್ ಹೆಸರಿಗೆ. ಕ್ರೂಸ್ ಹಡಗಿನಲ್ಲಿ ಕ್ಯಾಬಿನ್, ಊಟ, ಅತಿಥಿಗಳ ವಿಷಯ ಅವರದು, ಕ್ಯಾಪ್ಟನ್ ಹತ್ತಿರ ಹೋಗಬೇಕಿಲ್ಲ. ನಮ್ಮ ಸಿಟ್ಟು, ಹಾಳಾದ ಕನಸು, ಅಪ್ಪನ ವಯಸ್ಸು ಯಾವುದನ್ನೂ ಬರೆಯಲಿಲ್ಲ. ಕ್ಯಾಬಿನ್ ನಂಬರ್, ಎಷ್ಟರಿಂದ ಎಷ್ಟು ಗಂಟೆವರೆಗೆ ಸದ್ದು, ಎಷ್ಟು ಹೊತ್ತಿಗೆ ವಾಸನೆ, ಅಮ್ಮನಿಗೆ ಆಸ್ತಮಾ ಇರೋದು, ಹಡಗಿನ ಡಾಕ್ಟರ್‌ಗೆ ತೋರಿಸಿದ್ದು. ಆಮೇಲೆ ಮೂರು ಬೇಡಿಕೆ: ಬೇರೆ ಡೆಕ್ಕಿನಲ್ಲಿ ಕ್ಯಾಬಿನ್ ಕೊಡಿ, ಕೊಡೋಕೆ ಆಗದಿದ್ದರೆ ಕೆಲಸವನ್ನ ಹತ್ತು ಗಂಟೆ ನಂತರ ಶುರು ಮಾಡಿ, ಈ ಕೆಲಸ ಯಾವಾಗ ನಿಗದಿ ಆಗಿತ್ತು ಅಂತ ಲಿಖಿತವಾಗಿ ತಿಳಿಸಿ. ಒಂದು ಪ್ರತಿ ಅವರಿಗೆ, ಅದರ ಫೋಟೋ ನನ್ನ ಫೋನಿನಲ್ಲಿ, ಅದೇ ಇಮೇಲ್ ಬೆಂಗಳೂರಿನ ಏಜೆಂಟಿಗೆ. ಸದ್ದನ್ನ ಕ್ಯಾಬಿನ್ ಒಳಗಿಂದಲೇ ವಿಡಿಯೋ ಮಾಡಿಕೊಂಡೆ, ಅಪ್ಪ ಗಡಿಯಾರ ತೋರಿಸುತ್ತಾ ನಿಂತರು. ಮೇಷ್ಟ್ರಲ್ವಾ, ಶಿಸ್ತು.

ಅಲ್ಲೇ, ಆಗಲೇ ಹೇಳಬೇಕು ಅನ್ನೋದು ಬರೀ ನನ್ನ ಉಪದೇಶ ಅಲ್ಲ. ಯುರೋಪಿನ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನ, ಅದನ್ನ ಅನುಸರಿಸಿದ ಬ್ರಿಟನ್ನಿನ 2018ರ ನಿಯಮಗಳು ಎರಡರಲ್ಲೂ ಪ್ರವಾಸಿ ಕೊರತೆಯನ್ನ ತಡಮಾಡದೆ ತಿಳಿಸಬೇಕು ಅಂತಿದೆ. ಮನೆಗೆ ಬಂದು ಹೇಳಿದರೆ "ಅಲ್ಲೇ ಹೇಳಿದ್ದರೆ ಸರಿ ಮಾಡ್ತಿದ್ವಲ್ಲ" ಅನ್ನೋ ಉತ್ತರ ಸಿದ್ಧವಾಗಿರುತ್ತೆ.

ಕೋರ್ಟಿಗೆ ಹೋದರೆ ಏನಾಗುತ್ತೆ? ಹಾಳಾದ ರಜೆಯ ಬೇಸರಕ್ಕೂ ಬೆಲೆ ಕಟ್ಟಬಹುದು ಅಂತ ಇಂಗ್ಲೆಂಡಿನಲ್ಲಿ 1973ರಲ್ಲೇ ಲಾರ್ಡ್ ಡೆನ್ನಿಂಗ್ ಹೇಳಿದರು. ಸ್ವಿಟ್ಜರ್ಲೆಂಡಿಗೆ ಹೋಗಿ ನಿರಾಶೆಯಿಂದ ಬಂದ ಒಬ್ಬ ವಕೀಲರಿಗೆ, ಅವರು ಕಟ್ಟಿದ್ದಕ್ಕಿಂತ ಹೆಚ್ಚೇ ಪರಿಹಾರ ಸಿಕ್ಕಿತು. ಹಡಗಿನದೇ ಒಂದು ಪ್ರಕರಣ ಇದೆ. 2008ರಲ್ಲಿ ಕ್ವೀನ್ ವಿಕ್ಟೋರಿಯಾ ಹಡಗಿನ ಮೊದಲ ವಿಶ್ವಯಾನಕ್ಕೆ ದಂಪತಿಯೊಬ್ಬರು ಸುಮಾರು 59,000 ಪೌಂಡ್ ಕಟ್ಟಿದ್ದರು. ಕ್ಯಾಬಿನ್‌ನಲ್ಲಿ ಉಕ್ಕಿನ ತಗಡು ಬಾಗುವ ಸದ್ದಿಗೆ ನಿದ್ದೆ ಇಲ್ಲ. ಕೊನೆಗೆ ಹೊನೊಲುಲುವಿನಲ್ಲಿ ಇಳಿದುಬಿಟ್ಟರು. ದರದ ಬಹುಪಾಲು ವಾಪಸ್ ಬಂತು. ಅದರ ಮೇಲೆ ಕೆಳಕೋರ್ಟ್ 22,000 ಪೌಂಡ್ ಪರಿಹಾರ ಕೊಟ್ಟಿತು. 2010ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನ 12,000ಕ್ಕೆ ಇಳಿಸಿತು. ಬೇಸರಕ್ಕೆ ಬೆಲೆ ಇದೆ, ಆದ್ರೆ ಬಾಯಿಗೆ ಬಂದ ಬೆಲೆ ಇಲ್ಲ.

ಟಿಕೆಟ್ಟಿನ ಸಣ್ಣ ಅಕ್ಷರ ಓದಿದರೆ ಅಮೆರಿಕದ ಎಷ್ಟೋ ಕಂಪನಿಗಳು ತಕರಾರಿದ್ದರೆ ಫ್ಲೋರಿಡಾ ಕೋರ್ಟಿಗೆ ಬನ್ನಿ ಅಂತ ಬರೆದಿರುತ್ತವೆ. ಇಂಥ ಷರತ್ತು ಊರ್ಜಿತ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ದೇಶದ ಇನ್ನೊಂದು ತುದಿ ವಾಷಿಂಗ್ಟನ್ ರಾಜ್ಯದ ಮಹಿಳೆಯೂ ಫ್ಲೋರಿಡಾಕ್ಕೇ ಹೋಗಬೇಕಾಯ್ತು. ಹಿರಿಯೂರಿನವರು, ಹಾಸನದವರು ಎಲ್ಲಿಗೆ ಹೋಗೋಣ?

ನಮಗೆ ಹತ್ತಿರದ ಬಾಗಿಲು ಒಂದಿದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ನೀವು ವಾಸ ಮಾಡುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲೇ ದೂರು ಹಾಕಬಹುದು. ಕಟ್ಟಿದ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಕೇಳುತ್ತೆ, 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಹಡಗಿನ ಕಂಪನಿ, ಏಜೆಂಟ್ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ವಿದೇಶಿ ಕಂಪನಿ ನಮ್ಮ ಕೈಗೆ ಸಿಗೋದು ಕಷ್ಟ, ಬೆಂಗಳೂರಿನಲ್ಲಿ ಬೋರ್ಡ್ ಹಾಕಿಕೊಂಡು ಹಣ ತಗೊಂಡವನು ಸಿಗ್ತಾನೆ. ಈ ಕಾಯ್ದೆಯಲ್ಲಿ 'ಸೇವಾ ನ್ಯೂನತೆ' ಅಂದ್ರೆ ಏನು ಅಂತ ಹೇಳುವ ಕಡೆ ಒಂದು ಮಾತಿದೆ: ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನ ಬೇಕೆಂದೇ ಮುಚ್ಚಿಡುವುದೂ ನ್ಯೂನತೆಯೇ. ಅದಕ್ಕೇ ನಾನು ಮೂರನೇ ಬೇಡಿಕೆ ಬರೆದದ್ದು, ಕೆಲಸ ಯಾವಾಗ ನಿಗದಿ ಆಗಿತ್ತು ಹೇಳಿ ಅಂತ. ಆ ಒಂದು ತಾರೀಖಿನ ಮೇಲೆ ಇಡೀ ವಾದ ನಿಲ್ಲುತ್ತೆ. ಕೋರ್ಟು ಕಚೇರಿ ಬೇಡ ಅನ್ನುವವರು ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಒಂದೇ ಎಚ್ಚರಿಕೆ. ಹಡಗಿನಲ್ಲಿ ಕೂಪನ್ನೋ ಕ್ರೆಡಿಟ್ಟೋ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. "ಇದರೊಂದಿಗೆ ಎಲ್ಲ ಬಾಕಿ ತೀರಿತು" ಅನ್ನೋ ಅರ್ಥದ ಸಾಲು ಅದರಲ್ಲಿ ಇದ್ದರೆ ಸಹಿ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ "ನನ್ನ ಹಕ್ಕು ಉಳಿಸಿಕೊಂಡು" ಅಂತ ಬರೆದು ಹಾಕಿ.

ನಮಗೆ ಸಂಜೆಗೆ ಉತ್ತರ ಬಂತು. ಕೆಳಗಿನ ಡೆಕ್ಕಿನಲ್ಲಿ ಕಿಟಕಿಯೇ ಇಲ್ಲದ ಕ್ಯಾಬಿನ್ ಕೊಟ್ಟರು. ವಾಸನೆ ಇಲ್ಲ, ಸದ್ದು ಇಲ್ಲ, ಸಮುದ್ರವೂ ಇಲ್ಲ. ಅಮ್ಮ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ಬಾಲ್ಕನಿಗೂ ಒಳಕ್ಯಾಬಿನ್ನಿಗೂ ಇರುವ ದರದ ವ್ಯತ್ಯಾಸ, ಕೆಟ್ಟುಹೋದ ಒಂದು ದಿನದ ಬಾಡಿಗೆ, ಎರಡೂ ಏಳು ವಾರ ಪತ್ರ ಬರೆದ ಮೇಲೆ ಏಜೆಂಟ್ ಮೂಲಕ ವಾಪಸ್ ಬಂದವು. ಕೆಲಸ ನಿಗದಿಯಾದ ತಾರೀಖನ್ನ ಮಾತ್ರ ಇವತ್ತಿಗೂ ಹೇಳಿಲ್ಲ.

ಅಪ್ಪ ಸಮುದ್ರ ನೋಡಿದ್ದು ಕೊನೆಯ ದಿನ ಬೆಳಿಗ್ಗೆ. ಐದೂವರೆಗೆ ನನ್ನ ಎಬ್ಬಿಸಿ, "ಏಳೋ, ಏಳು ಗಂಟೆಗೆ ಆ ಹುಡುಗ ಡ್ಯೂಟಿಗೆ ಬಂದುಬಿಡ್ತಾನೆ" ಅಂತ ಮೇಲಿನ ಡೆಕ್ಕಿಗೆ ಕರೆದುಕೊಂಡು ಹೋದರು.