ಯುದ್ಧದಲ್ಲಿ ನಿರಪರಾಧಿಗಳ ಸಾವು: ಶೃಂಗೇರಿ ಕಲಿಸುವ ಪಾಠ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದಾಕ್ಷಣ ನಮಗೆ ನೆನಪಾಗುವುದು ಅಡಿಕೆ ತೋಟ, ಕಾಫಿ, ತುಂಗಾ ನದಿ. ಈ ಶಾಂತ ಮಲೆನಾಡಿಗೂ ಒಮ್ಮೆ ಯುದ್ಧ ಬಂದಿತ್ತು.

1791ರಲ್ಲಿ ಮೂರನೇ ಮೈಸೂರು ಯುದ್ಧ ನಡೆಯುತ್ತಿತ್ತು. ಮರಾಠರು ಇಂಗ್ಲಿಷರೊಡನೆ ಸೇರಿ ಟಿಪ್ಪು ಸುಲ್ತಾನನ ವಿರುದ್ಧ ಹೋರಾಡುತ್ತಿದ್ದರು. ಪಟವರ್ಧನರ ಸೈನ್ಯದ ಜೊತೆಗಿದ್ದ ಪಿಂಡಾರಿಗಳು ಶೃಂಗೇರಿಗೆ ನುಗ್ಗಿ ಮಠವನ್ನು ಲೂಟಿ ಮಾಡಿದರು, ಶಾರದೆಯ ವಿಗ್ರಹವನ್ನು ಕದಲಿಸಿದರು. ಆಯುಧ ಹಿಡಿಯದ ಅನೇಕರು ಸತ್ತರು. ಸ್ವಾಮಿಗಳು ಕಾರ್ಕಳಕ್ಕೆ ತೆರಳಬೇಕಾಯಿತು. ಟಿಪ್ಪು ದುಃಖ ವ್ಯಕ್ತಪಡಿಸಿ ಅವರಿಗೆ ಕನ್ನಡದಲ್ಲಿ ಪತ್ರ ಬರೆದು, ಮಠಕ್ಕೆ ನೆರವು ಕಳುಹಿಸಿದ.

ಆದರೆ ಕರಾವಳಿಯ ಕ್ರೈಸ್ತರಾದ ನಮಗೆ ಇನ್ನೊಂದು ನೆನಪೂ ಇದೆ. ಅದಕ್ಕೆ 7 ವರ್ಷ ಮೊದಲು, 1784ರಲ್ಲಿ, ಇದೇ ಟಿಪ್ಪು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. ಇಂಗ್ಲಿಷರಿಗೆ ಸಹಾಯ ಮಾಡಿದರೆಂಬುದು ಆರೋಪ. ಶಿಕ್ಷೆ ಮಾತ್ರ ಮಕ್ಕಳು, ಹೆಂಗಸರು, ಮುದುಕರೆನ್ನದೆ ಎಲ್ಲರಿಗೂ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ.

ಈ ಎರಡು ಘಟನೆಗಳನ್ನು ಒಟ್ಟಿಗೆ ನೋಡಿದಾಗ ಧರ್ಮಸಭೆಯ ಬೋಧನೆ ಸ್ಪಷ್ಟವಾಗುತ್ತದೆ. ಯುದ್ಧದಲ್ಲೂ ನೀತಿಯ ನಿಯಮ ರದ್ದಾಗುವುದಿಲ್ಲ. ಹೋರಾಡದವರನ್ನು, ಗಾಯಾಳುಗಳನ್ನು, ಸೆರೆಯಾಳುಗಳನ್ನು ಗೌರವದಿಂದ ಕಾಣಬೇಕೆಂದು ಧರ್ಮೋಪದೇಶ ಗ್ರಂಥದ 2313ನೇ ಪರಿಚ್ಛೇದ ಹೇಳುತ್ತದೆ. ಊರಿಗೆ ಊರನ್ನೇ ಜನರ ಸಮೇತ ನಾಶ ಮಾಡುವುದು ದೇವರಿಗೂ ಮನುಷ್ಯನಿಗೂ ವಿರುದ್ಧವಾದ ಅಪರಾಧವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಖಂಡಿಸಿತು. 1949ರ ಜಿನೀವಾ ಒಪ್ಪಂದವೂ ನಾಗರಿಕರಿಗೆ ರಕ್ಷಣೆ ಕೊಡುತ್ತದೆ.

ಹಾಗಾದರೆ ಉದ್ದೇಶವಿಲ್ಲದೆ ನಾಗರಿಕರು ಸತ್ತರೆ? ಸೈನಿಕ ಗುರಿಯ ಮೇಲೆ ದಾಳಿ ಮಾಡುವಾಗ ಬಯಸದೆ ಆದ ಸಾವು ಬೇರೆ, ನಾಗರಿಕರನ್ನೇ ಗುರಿ ಮಾಡುವುದು ಬೇರೆ. ಆದರೂ, ಆಗಬಹುದಾದ ಹಾನಿ ಗುರಿಗೆ ಹೋಲಿಸಿದರೆ ಮಿತಿಮೀರುವಂತಿದ್ದರೆ ಆ ದಾಳಿಯೂ ತಪ್ಪು. ಪಿಂಡಾರಿಗಳು ಲೂಟಿಯಿಂದಲೇ ಜೀವನ ಮಾಡುತ್ತಿದ್ದವರು. ಅಂಥವರನ್ನು ಜೊತೆಗೆ ಕರೆತಂದ ಸೇನಾಪತಿ ‘ನಾನು ಆಜ್ಞೆ ಕೊಡಲಿಲ್ಲ’ ಎಂದರೆ ಸಾಲದು. ಜನವಸತಿಯ ಮೇಲೆ ಬಾಂಬು ಹಾಕಿ ‘ಬೇಕೆಂದು ಕೊಲ್ಲಲಿಲ್ಲ’ ಎನ್ನುವ ಇಂದಿನವರಿಗೂ ಇದೇ ಮಾತು ಅನ್ವಯಿಸುತ್ತದೆ.

ಕೆಲವರ ಮೇಲಿನ ಸಂಶಯಕ್ಕೆ ಎಲ್ಲರನ್ನೂ ಶಿಕ್ಷಿಸುವುದೂ ಅನ್ಯಾಯವೇ. 2000ರ ದಶಕದಲ್ಲಿ ನಕ್ಸಲರು ಮತ್ತು ಪೊಲೀಸರ ಸಂಘರ್ಷದ ನಡುವೆ ಸಿಕ್ಕಿಬಿದ್ದ ಇದೇ ಮಲೆನಾಡಿನ ಕಾಡಂಚಿನ ಕುಟುಂಬಗಳಿಗೆ ಇದರ ನೋವು ಗೊತ್ತು.

ಶೃಂಗೇರಿಯ ಸಾವಿಗೆ ಮರುಗಿದ ಅರಸನ ಕೈಯಲ್ಲೇ ನಮ್ಮ ಪೂರ್ವಜರು ನರಳಿದರು. ತನ್ನವರ ಸಾವಿಗೆ ಅಳುವುದು ಯಾರಿಗೂ ಕಷ್ಟವಲ್ಲ. ಎದುರು ಪಕ್ಷದ ಮಗುವಿನ ಸಾವಿಗೂ ಮರುಗಿದಾಗಲೇ ನಮ್ಮ ನ್ಯಾಯಕ್ಕೆ ಬೆಲೆ. ಶಾಂತಿಗಾಗಿ ಪ್ರಾರ್ಥಿಸುವಾಗ ಎರಡೂ ಕಡೆಯ ನಿರಪರಾಧಿಗಳನ್ನು ಸ್ಮರಿಸೋಣ.