ನಿಮಗಿದು ಗೊತ್ತೆ? ಕಾರವಾರದ ಕಡಲತಡಿಯ ಶೀಘ್ರತೋಪು

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ತರುಣರು ಪರದೆಯ ಮೇಲಿನ ನೌಕಾಯುದ್ಧದ ಆಟಗಳಲ್ಲಿ ಅತ್ಯುತ್ಸಾಹದಿಂದ ಬಳಸುವ ಸ್ವಯಂಚಾಲಿತ ತೋಪಿನ ನಿಜರೂಪವು, ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿರುವ ಐ.ಎನ್.ಎಸ್. ಚಪಲ್ ಎಂಬ ಕ್ಷಿಪಣಿನೌಕೆಯ ಮೇಲಿದೆ. ಸೋವಿಯತ್ ನಿರ್ಮಿತಿಯಾದ ಈ ನೌಕೆಯ ಮುಂದೊಂದು, ಹಿಂದೊಂದು, ದುಂಡನೆಯ ಗೋಪುರದಿಂದ ಅವಳಿ ನಳಿಗೆಗಳನ್ನು ಚಾಚಿಕೊಂಡಿರುವ ಎ.ಕೆ. 230 ತೋಪು, 30 ಮಿಲಿಮೀಟರು ವ್ಯಾಸದ ಗುಂಡುಗಳನ್ನು ಒಂದೊಂದು ನಳಿಗೆಯಿಂದಲೂ ನಿಮಿಷಕ್ಕೆ ಸುಮಾರು 1000ದ ವೇಗದಲ್ಲಿ, ಗೋಪುರದೊಳಗೆ ಮನುಷ್ಯನೊಬ್ಬನೂ ಇಲ್ಲದೆ, ರೇಡಾರು ತೋರಿದ ಗುರಿಯತ್ತ ಹಾರಿಸಬಲ್ಲುದು. ತಗ್ಗಿನಲ್ಲಿ ಎರಗಿ ಬರುವ ವಿಮಾನಕ್ಕೂ ಬಳಿಸಾರುವ ಕಿರುನೌಕೆಗೂ ಅದು ಸಾಕ್ಷಾತ್ ಯಮಸ್ವರೂಪಿ. ಆದರೆ ಆ ವೇಗವೇ ಅದರ ದೌರ್ಬಲ್ಯಕ್ಕೂ ಮೂಲ. ಎಡೆಬಿಡದೆ ಹಾರಿಸಿದಲ್ಲಿ ತುಂಬಿಟ್ಟ ಗುಂಡುಗಳ ಮಾಲೆ ನಿಮಿಷದೊಳಗೆ ಬರಿದಾಗುವುದು. ನೀರಿನಿಂದ ತಣಿಸುವ ಏರ್ಪಾಡಿದ್ದರೂ ನಳಿಗೆ ಕಾದು ವಿಶ್ರಾಂತಿಯನ್ನು ಬೇಡುವುದು. ನಾಲ್ಕು ಕಿಲೋಮೀಟರಿನಾಚೆ ಅದರ ಪ್ರಭಾವ ಕ್ಷೀಣ. ಅರ್ಧ ಕಿಲೋಗ್ರಾಮಿಗೂ ಹಗುರಾದ ಆ ಗುಂಡು ಮಹಾನೌಕೆಯ ಮೈಯನ್ನು ಗಾಸಿಗೊಳಿಸೀತೇ ಹೊರತು ಅದನ್ನು ಮುಳುಗಿಸಲಾರದು. ಆಟದಲ್ಲಿ ಈ ತೋಪೊಂದನ್ನೇ ನೆಚ್ಚಿ ಮುನ್ನುಗ್ಗುವವರು ಚಪಲ್ ನೌಕೆಯ ಇಕ್ಕೆಲಗಳನ್ನು ಅಗತ್ಯವಾಗಿ ಗಮನಿಸತಕ್ಕದ್ದು: ಮುಳುಗಿಸುವ ಕಾರ್ಯವನ್ನು ನೌಕಾಶಿಲ್ಪಿಗಳು ಅಲ್ಲಿನ ನಾಲ್ಕು ಕ್ಷಿಪಣಿಗಳಿಗೆ ಒಪ್ಪಿಸಿ, ತೋಪಿಗೆ ಆತ್ಮರಕ್ಷಣೆಯನ್ನಷ್ಟೆ ವಹಿಸಿದ್ದರು.