ತೆರೆಯದ ಬಾನೆಟ್ಟು: ಅಂಬಾಸಿಡರ್ ಕಾರಿನ ಚಿಲಕದ ಗುಟ್ಟು

ಅಂಬಾಸಿಡರ್ ಕಾರು ಎಲ್ಲರಿಗೂ ಗೊತ್ತು. ಗುಂಡಗೆ, ದಪ್ಪಗೆ ಇರುವ ಕಾರು. ಇದನ್ನು ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯವರು ಪಶ್ಚಿಮ ಬಂಗಾಳದ ಉತ್ತರಪಾರಾ ಎಂಬ ಊರಿನಲ್ಲಿ 1957ರಿಂದ ತಯಾರಿಸಿದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ನಮೂನೆಯಲ್ಲಿ ಇದನ್ನು ಮಾಡಿದ್ದರು. 2014ರಲ್ಲಿ ತಯಾರಿಕೆ ನಿಂತುಹೋಯಿತು. ಆದ್ದರಿಂದ ಈಗ ರಸ್ತೆಯಲ್ಲಿ ಕಾಣುವ ಅಂಬಾಸಿಡರ್‌ಗಳೆಲ್ಲ ಹಳೆಯವೇ. ಹಳೇ ಕಾರಿಗೆ ಬರುವ ಕಾಯಿಲೆಗಳಲ್ಲಿ ಒಂದು, ಬಾನೆಟ್ ತೆರೆಯದೆ ಸಿಕ್ಕಿಕೊಳ್ಳುವುದು. ನಮ್ಮ ಮಾವ ಪೇಟೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ದಸರಾ ರಜೆಯಲ್ಲಿ ಅವರ ಜೊತೆ ಇದ್ದು ನೋಡಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಬಾನೆಟ್ ತೆರೆಯದಿದ್ದರೆ ಏನಾಗುತ್ತದೆ?

ಬಾನೆಟ್ ಎಂದರೆ ಇಂಜಿನ್ನಿನ ಮೇಲಿನ ಮುಚ್ಚಳ. ಅದರ ಕೆಳಗೆ ಇಂಜಿನ್, ರೇಡಿಯೇಟರ್, ಬ್ಯಾಟರಿ ಎಲ್ಲಾ ಇರುತ್ತವೆ. ಮುಚ್ಚಳ ತೆರೆಯದಿದ್ದರೆ ರೇಡಿಯೇಟರಿಗೆ ನೀರು ಹಾಕಲು ಆಗುವುದಿಲ್ಲ. ನೀರಿಲ್ಲದೆ ಓಡಿಸಿದರೆ ಇಂಜಿನ್ ಕಾದು ಕಾದು ಹಿಡಿದುಕೊಳ್ಳುತ್ತದೆ. ವೈರು ಸುಟ್ಟು ಹೊಗೆ ಬಂದರೂ ಬ್ಯಾಟರಿ ಬಿಚ್ಚೋಕೆ ಆಗಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಹುಷಾರಿಲ್ಲ ಅಂದ್ರೆ ಆಸ್ಪತ್ರೆಗೆ ಹೋಗೋದು ಯಾರದೋ ಒಂದು ಹಳೇ ಗಾಡಿಯಲ್ಲೇ. ಅದು ದಾರಿಯಲ್ಲಿ ನಿಂತು, ಬಾನೆಟ್ಟೂ ತೆರೆಯಲಿಲ್ಲ ಅಂದ್ರೆ ಏನು ಗತಿ?

ಚಿಲಕ ಹೇಗೆ ಕೆಲಸ ಮಾಡುತ್ತದೆ?

ಬಾನೆಟ್ಟಿನ ಮುಂಭಾಗದ ಒಳಗೆ ಒಂದು ಗಟ್ಟಿ ಕಬ್ಬಿಣದ ಗೂಟ ಇದೆ. ಅದರ ತುದಿ ಚೂಪು, ತುದಿಯ ಮೇಲೆ ಕತ್ತಿನ ಹಾಗೆ ಸಣ್ಣದಾಗಿದೆ. ಗೂಟದ ಸುತ್ತ ದಪ್ಪ ಸ್ಪ್ರಿಂಗ್ ಇದೆ. ಬಾನೆಟ್ ಮುಚ್ಚಿದಾಗ ಗೂಟ ಕೆಳಗಿನ ತೂತಿಗೆ ಇಳಿಯುತ್ತದೆ. ಆಗ ಅಲ್ಲಿರುವ ಒಂದು ಜಾರುವ ತಗಡು ಬಂದು ಗೂಟದ ಕತ್ತನ್ನು ಹಿಡಿದುಕೊಳ್ಳುತ್ತದೆ. ಟಪ್ ಎಂದು ಶಬ್ದ ಬರುವುದು ಆಗಲೇ.

ತಗಡಿಗೆ ಒಂದು ಕೇಬಲ್ ಕಟ್ಟಿದೆ. ಅದರ ಇನ್ನೊಂದು ತುದಿ ಡ್ರೈವರ್ ಕೂರುವ ಕಡೆ ಇದೆ. ಅಲ್ಲಿಯ ಹಿಡಿಯನ್ನು ಎಳೆದರೆ ತಗಡು ಪಕ್ಕಕ್ಕೆ ಸರಿಯುತ್ತದೆ, ಸ್ಪ್ರಿಂಗ್ ಬಾನೆಟ್ಟನ್ನು ಸ್ವಲ್ಪ ಮೇಲಕ್ಕೆ ತಳ್ಳುತ್ತದೆ. ಆದರೆ ಪೂರ್ತಿ ತೆರೆಯುವುದಿಲ್ಲ. ಇನ್ನೊಂದು ಕೊಕ್ಕೆ ಹಿಡಿದುಕೊಂಡಿರುತ್ತದೆ. ಬೆರಳು ತೂರಿಸಿ ಆ ಕೊಕ್ಕೆಯನ್ನು ಬಿಡಿಸಿದರೆ ಮಾತ್ರ ಬಾನೆಟ್ ಮೇಲೆ ಏಳುತ್ತದೆ. ಎರಡು ಹಿಡಿತ ಏಕೆ? ಓಡುವಾಗ ಮೊದಲನೆಯದು ಬಿಟ್ಟುಕೊಂಡರೆ ಗಾಳಿಗೆ ಬಾನೆಟ್ ಎದ್ದು ಗಾಜಿಗೆ ಬಡಿಯುತ್ತದೆ. ಡ್ರೈವರಿಗೆ ದಾರಿಯೇ ಕಾಣುವುದಿಲ್ಲ.

ಯಾಕೆ ಸಿಕ್ಕಿಕೊಳ್ಳುತ್ತದೆ?

1. ಧೂಳು, ಮಳೆನೀರು ಸೇರಿ ತಗಡಿಗೆ ತುಕ್ಕು ಹಿಡಿಯುತ್ತದೆ. ಹಳೇ ಗ್ರೀಸು ಒಣಗಿ ಅಂಟಿನಂತಾಗುತ್ತದೆ.
2. ಕೇಬಲ್ಲಿನ ಒಳತಂತಿ ಜಗ್ಗಿ ಉದ್ದವಾಗುತ್ತದೆ, ಇಲ್ಲವೇ ತುಂಡಾಗುತ್ತದೆ.
3. ಕೇಬಲ್ಲಿನ ಹೊರಕವಚ ತನ್ನ ಕ್ಲಿಪ್ಪಿನಿಂದ ಜಾರುತ್ತದೆ. ಆಗ ಎಷ್ಟು ಎಳೆದರೂ ಕವಚವೇ ಅಲುಗಾಡುತ್ತದೆ, ತಗಡು ಅಲುಗುವುದಿಲ್ಲ.
4. ಎಲ್ಲಾದರೂ ಗುದ್ದಿ ಬಾನೆಟ್ ಸೊಟ್ಟಗಾದರೆ ಗೂಟ ತೂತಿಗೆ ನೇರವಾಗಿ ಇಳಿಯುವುದಿಲ್ಲ.

ತೆರೆಯುವುದು ಹೇಗೆ?

ಮೊದಲು ಇಂಜಿನ್ ನಿಲ್ಲಿಸಬೇಕು. ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಬೇಕು. ಇಂಜಿನ್ ತಣ್ಣಗಾಗುವವರೆಗೆ ಕಾಯಬೇಕು.

ಎಲ್ಲರೂ ಮಾಡುವುದು ಹಿಡಿಯನ್ನು ಜೋರಾಗಿ ಎಳೆಯುವುದು. ಹಾಗೆ ಎಳೆದರೆ ಇದ್ದ ತಂತಿಯೂ ಕಿತ್ತುಬರುತ್ತದೆ. ಮಾವ ಹೇಳಿದ್ದು, "ಎಳೀಬೇಡ ಕಣೋ, ಮೊದಲು ಒತ್ತು." ನಮ್ಮ ಮನೆ ಬಾಗಿಲಿನ ಚಿಲಕ ನೆನೆಸಿಕೊಳ್ಳಿ. ಮಳೆಗಾಲದಲ್ಲಿ ಬಾಗಿಲು ಉಬ್ಬಿದಾಗ ಚಿಲಕ ಜಗ್ಗಿದರೆ ಬರಲ್ಲ. ಬಾಗಿಲನ್ನು ಒಂದು ಸಲ ಒತ್ತಿ ಹಿಡಿದರೆ ಸಲೀಸಾಗಿ ಬರುತ್ತದೆ. ಇಲ್ಲೂ ಹಾಗೇ. ಸ್ಪ್ರಿಂಗ್ ಗೂಟವನ್ನು ಮೇಲಕ್ಕೆ ತಳ್ಳುತ್ತಾ ಇರುವುದರಿಂದ ತಗಡಿನ ಮೇಲೆ ಭಾರ ಬಿದ್ದು ಘರ್ಷಣೆ ಹೆಚ್ಚಾಗಿರುತ್ತದೆ. ಒಬ್ಬರು ಬಾನೆಟ್ಟಿನ ಮುಂಭಾಗವನ್ನು ಅಂಗೈಯಿಂದ ಕೆಳಕ್ಕೆ ಒತ್ತಬೇಕು, ಇನ್ನೊಬ್ಬರು ಹಿಡಿ ಎಳೆಯಬೇಕು. ಭಾರ ಇಳಿದಾಗ ತಗಡು ಸರಿಯುತ್ತದೆ. ಬಹಳ ಕಾರುಗಳು ಇಷ್ಟಕ್ಕೇ ತೆರೆದುಕೊಳ್ಳುತ್ತವೆ.

ಹಿಡಿಯೇ ಕಿತ್ತುಬಂದಿದ್ದರೆ ಉಳಿದ ತಂತಿಯ ತುದಿಯನ್ನು ಇಕ್ಕಳದಿಂದ ಹಿಡಿದು ಎಳೆಯಬೇಕು. ತಂತಿ ಒಳಗೆಲ್ಲೋ ತುಂಡಾಗಿದ್ದರೆ ಮುಂದಿನ ಜಾಲರಿ ಕಡೆಯಿಂದಲೋ ಕೆಳಗಿನಿಂದಲೋ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ತಗಡನ್ನೇ ತಳ್ಳಬೇಕು. ಕೆಳಗೆ ಹೋಗುವುದಾದರೆ ಗ್ಯಾರೇಜಿನ ಗುಂಡಿಯೇ ಸರಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಮಲಗಬಾರದು, ಜಾಕ್ ಜಾರಿದರೆ ಪ್ರಾಣ ಹೋಗುತ್ತದೆ. ಹಾರೆ ಹಾಕಿ ಮೀಟಲೂಬಾರದು. ತಗಡು ಸೊಟ್ಟಗಾದರೆ ಚಿಲಕದ ಖರ್ಚಿಗಿಂತ ಅದರ ಖರ್ಚೇ ಜಾಸ್ತಿ.

ರಿಪೇರಿ

ಚಿಲಕವನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಬೇಕು. ತಗಡನ್ನು ಬೆರಳಿನಿಂದ ಸರಿಸಿ ಬಿಟ್ಟರೆ ತಾನೇ ವಾಪಸ್ ಬರಬೇಕು. ಬರದಿದ್ದರೆ ಅದರ ಸಣ್ಣ ಸ್ಪ್ರಿಂಗ್ ಬದಲಿಸಬೇಕು. ಆಮೇಲೆ ಹೊಸ ಗ್ರೀಸು. ತಂತಿಯ ಎಳೆಗಳು ಬಿಚ್ಚಿಕೊಂಡಿದ್ದರೆ ಹೊಸ ಕೇಬಲ್ಲೇ ಹಾಕಬೇಕು, ಗಂಟು ಹಾಕಿದರೆ ನಿಲ್ಲುವುದಿಲ್ಲ.

ಗೂಟದ ಉದ್ದವನ್ನು ನಟ್ಟು ಸಡಿಲಿಸಿ ಹೆಚ್ಚುಕಮ್ಮಿ ಮಾಡಬಹುದು. ಉದ್ದ ಜಾಸ್ತಿಯಾದರೆ ಬಾನೆಟ್ ಗಡಗಡ ಅನ್ನುತ್ತದೆ. ಕಡಿಮೆಯಾದರೆ ಬಿಗಿಯಾಗಿ ಮತ್ತೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹಿಡಿಯುವುದೇ ಇಲ್ಲ.

ಮುಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಗೂಟದ ಬದಲು ಒಂದು ಸ್ಕ್ರೂಡ್ರೈವರನ್ನು ತೂತಿಗೆ ಇಳಿಸಿ ತಗಡು ಅದಕ್ಕೆ ಒತ್ತಿ ನಿಲ್ಲುತ್ತದೆಯೇ, ಹಿಡಿ ಎಳೆದರೆ ಸರಿಯುತ್ತದೆಯೇ ಎಂದು ನೋಡಬೇಕು. ಎರಡನೇ ಕೊಕ್ಕೆಯನ್ನೂ ನೋಡಬೇಕು. ಇದನ್ನು ನೋಡದೆ ಮುಚ್ಚಿದರೆ ಮತ್ತೆ ಮೊದಲಿನಿಂದ ಪಾಡು ಪಡಬೇಕು.

ನೀವೂ ನೋಡಿ

ಈ ಜಾತಿಯ ಕೇಬಲ್ಲಿಗೆ ಬೌಡನ್ ಕೇಬಲ್ ಎಂದು ಹೆಸರು. ಅರ್ನೆಸ್ಟ್ ಬೌಡನ್ ಎಂಬುವರು ಇದಕ್ಕೆ 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದರು. ಕೇಬಲ್ ಬ್ರೇಕ್ ಇರುವ ಸೈಕಲ್ಲಿನಲ್ಲೂ ಇದೇ ಇದೆ. ಬ್ರೇಕ್ ಹಿಡಿದು ನೋಡಿ. ಹೊರಕವಚ ನಿಂತಲ್ಲೇ ನಿಂತಿರುತ್ತದೆ, ಒಳತಂತಿ ಮಾತ್ರ ಓಡುತ್ತದೆ. ತಂತಿ ಬಿಗಿ ಅನಿಸಿದರೆ ತುದಿಯಲ್ಲಿ ಎರಡು ಹನಿ ಎಣ್ಣೆ ಬಿಡಿ. ಆದರೆ ಬ್ರೇಕಿನ ರಬ್ಬರಿಗೂ ಚಕ್ರದ ರಿಮ್ಮಿಗೂ ಎಣ್ಣೆ ತಾಗಬಾರದು, ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

— 7ನೇ ತರಗತಿ ವಿದ್ಯಾರ್ಥಿ